ಅತ್ತಿಗೆಯ ಏಕಾದಶಿ ಮತ್ತು ಉಪಗ್ರಹದ ಗಡಿಯಾರ

ನಮ್ಮ ಮನೆಯ ಮಹಡಿ ಮೇಲೆ, ತುಳಸಿ ಕುಂಡದ ಪಕ್ಕದಲ್ಲಿ, ಮೈಸೂರು ಪಾಕಿನ ತುಂಡಿನಷ್ಟು ದೊಡ್ಡದಾದ ಒಂದು ಕಪ್ಪು ವಸ್ತು ಕೂತಿದೆ. ಅದರಿಂದ ಹೊರಟ ತೆಳು ವೈರು ಗೋಡೆ ಇಳಿದು, ಅಡುಗೆಮನೆ ಕಿಟಕಿಯೊಳಗೆ ನುಗ್ಗಿ, ನನ್ನ ಉಪ್ಪಿನಕಾಯಿ ಜಾಡಿಗಳ ಹಿಂದೆ ಹಾದು ನಡುಮನೆಯ ಮೂಲೆ ಮೇಜಿಗೆ ಸೇರುತ್ತದೆ. ಅದು ನಮ್ಮನೆಯವರ ಮೇಜು. ಹಗಲು ಅವರು ಹಿಂದೂಪುರದ ಬಜಾರಿನಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ತಮ್ಮ ಅಂಗಡಿಯಲ್ಲಿರುತ್ತಾರೆ, ಮಿಕ್ಕ ಹೊತ್ತೆಲ್ಲ ಆ ಮೇಜಿನ ಮುಂದೆ. ಗಂಡಸರಿಗೆ ಏನೇನೋ ಚಟಗಳಿರುತ್ತವೆ. ನಮ್ಮವರಿಗಿರುವುದು ಟೈಮಿನ ಚಟ. ದೇವರು ನನಗೆ ಮಾಡಿದ ಉಪಕಾರಗಳನ್ನು ನೆನೆಯುವಾಗ ಇದನ್ನೂ ಸೇರಿಸಿಯೇ ಕೈ ಮುಗಿಯುತ್ತೇನೆ.

ಆ ಕಪ್ಪು ತುಂಡು ಜಿಪಿಎಸ್ ಆಂಟೆನಾ. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಕಳಿಸುವುದನ್ನು ಅದು ಕೇಳಿಸಿಕೊಳ್ಳುತ್ತದೆ. ಜನ ಅದನ್ನು ದಾರಿ ಹುಡುಕಲು ಬಳಸುತ್ತಾರೆ, ಇವರು ಟೈಮ್ ತಿಳಿಯಲು. ಒಂದೊಂದು ಉಪಗ್ರಹದೊಳಗೂ ತಪ್ಪದೆ ನಡೆಯುವ ಗಡಿಯಾರವಿದೆಯಂತೆ. ಅದನ್ನು ಕೇಳಿಕೊಂಡು ಇವರ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಸೆಕೆಂಡಿಗೊಂದು ಸಲ ಸಣ್ಣ ದೀಪ ಮಿನುಗುತ್ತದೆ. ಆ ಮಿನುಗು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟೂ ಆಚೀಚೆ ಆಗುವುದಿಲ್ಲವೆಂದು ಮೊದಲ ಬಾರಿ ಹೇಳಿದಾಗ ಇವರ ಮುಖ ದೇವರ ದರ್ಶನವಾದವರ ಹಾಗಿತ್ತು.

"ಅಷ್ಟು ಕರಾರುವಾಕ್ಕಾದ ಟೈಮ್ ಮನೇಲಿಟ್ಕಂಡು ಮಧ್ಯಾಹ್ನದ ಊಟಕ್ಕೆ ಮಾತ್ರ ಮೂರು ಗಂಟೆಗೆ ಬತ್ತೀರಲ್ಲ, ಅದಕ್ಕೂ ಒಂದು ಉಪಗ್ರಹ ಬಿಡ್ಬೇಕಾ?" ಎಂದೆ.

"ಊಟದ ಟೈಮು ಹೊಟ್ಟೆಗೆ ಗೊತ್ತಾಯ್ತದೆ ಕಣೆ. ಇದು ಬೇರೆ" ಎಂದರು.

ಇವರ ಹಾಗೆಯೇ ಟೈಮಿನ ಹಿಂದೆ ಬಿದ್ದವರು ಬೇರೆ ಬೇರೆ ಊರುಗಳಲ್ಲಿದ್ದಾರೆ. ಮೊಬೈಲಿನಲ್ಲಿ ಅವರದೊಂದು ಗುಂಪಿದೆ. ಒಬ್ಬರು ತಮ್ಮ ಗಡಿಯಾರದ ಫೋಟೋ ಹಾಕುತ್ತಾರೆ, ಇನ್ನೊಬ್ಬರು ತಮ್ಮದು ಹಾಕುತ್ತಾರೆ. ಮದುವೆ ಮನೆಯಲ್ಲಿ ಹೆಂಗಸರು ಸರ ತೋರಿಸಿಕೊಂಡಂತೆ. ಒಂದು ದಿನ ಲೇಪಾಕ್ಷಿ ಕಡೆಯ ರೈತರೊಬ್ಬರು ಮೋಟಾರ್ ತೆಗೆದುಕೊಂಡು ಹೋಗಲು ಸೀದಾ ಮನೆಗೇ ಬಂದು, ಇವರು ಆಕಾಶಕ್ಕೆ ಮುಖ ಮಾಡಿ ಆಂಟೆನಾ ತಿರುಗಿಸುತ್ತಿದ್ದುದನ್ನು ಕಂಡು, "ಏನಮ್ಮಾ, ನಿಮ್ ಯಜಮಾನ್ರು ಮಳೆ ನೋಡ್ತಾವ್ರಾ?" ಎಂದರು. "ಇಲ್ಲಣ್ಣಾ, ಟೈಮ್ ನೋಡ್ತಾವ್ರೆ" ಎಂದೆ. ಆತ ತನ್ನ ಕೈಗಡಿಯಾರ ನೋಡಿಕೊಂಡು, "ಹನ್ನೊಂದು ಹತ್ತು ಅಂತ ಹೇಳಮ್ಮ" ಎಂದರು.

ನಾನೂ ಒಮ್ಮೆ ಎಡವಟ್ಟು ಮಾಡಿದ್ದೇನೆ. ಮಳೆಗೆ ನೆನೆಯುತ್ತದಲ್ಲ ಪಾಪ ಎಂದು ಆಂಟೆನಾದ ಮೇಲೆ ಸ್ಟೀಲಿನ ತಟ್ಟೆ ಬೋರಲು ಹಾಕಿ ಬಂದಿದ್ದೆ. ಮೇಜಿನ ದೀಪ ನಿಂತೇಹೋಯಿತು. ಇವರು ಎರಡು ದಿನ ಆ ವೈರು ಈ ವೈರು ಬಿಚ್ಚಿ ನೋಡಿ, ಮೂರನೇ ದಿನ ಮಹಡಿ ಹತ್ತಿ ತಟ್ಟೆ ಕಂಡು ಬಂದರು. ಲೋಹದ ಕೆಳಗೆ ಉಪಗ್ರಹ ಕೇಳಿಸುವುದಿಲ್ಲವಂತೆ. ಬೈಯಲಿಲ್ಲ. ತಟ್ಟೆ ತೊಳೆದು ಅಡುಗೆಮನೆಯಲ್ಲಿಟ್ಟು, ನಮ್ಮ ಪ್ರಸಾದದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಆಂಟೆನಾಕ್ಕೆ ಮುಚ್ಚಿದರು. ಅಂಥ ಗಂಡ ಅವರು.

ಇನ್ನು ನನ್ನ ಅತ್ತಿಗೆಯ ವಿಷಯ ಹೇಳಬೇಕು. ಅತ್ತಿಗೆ ಎಂದರೆ ಇವರ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಕೈತುತ್ತು ಹಾಕಿ ಸಾಕಿದವರು. ಕಲ್ಯಾಣದುರ್ಗದಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದಾರೆ. ಮಗ ಕಡಲೆಕಾಯಿ ಮಂಡಿಯಲ್ಲಿ ತೂಕದ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ.

ಮೊಮ್ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದವಳು. ಅಂಗೈಯಗಲದ ಮಗು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾಗ ಅತ್ತಿಗೆ ವರಾಂಡದಲ್ಲಿ ನಿಂತು, ಕೂಸು ಉಳಿದರೆ ನಲವತ್ತೆಂಟು ಏಕಾದಶಿ ತಪ್ಪದೆ ಉಪವಾಸ ಮಾಡುತ್ತೇನೆಂದು ನರಸಿಂಹಸ್ವಾಮಿಗೆ ಹರಕೆ ಹೊತ್ತರು. ಪಕ್ಷಕ್ಕೊಂದು ಏಕಾದಶಿ, ತಿಂಗಳಿಗೆ ಎರಡು, ಅಲ್ಲಿಗೆ ಎರಡು ವರ್ಷ. ಕೂಸು ಉಳಿಯಿತು. ಅತ್ತಿಗೆ ಉಪವಾಸ ಶುರು ಮಾಡಿದರು.

ತೊಡಕು ಕಣ್ಣಿನದು. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಇನ್ನೂ ಮಂಜು. ಗೋಡೆ ಕ್ಯಾಲೆಂಡರಿನ ಸಣ್ಣ ಅಕ್ಷರದಲ್ಲಿ ತಿಥಿ ಓದಲು ಆಗುವುದಿಲ್ಲ. ಪ್ರತಿ ಸಲವೂ ಸೊಸೆಯನ್ನು ಕೇಳಬೇಕು. ಇದು ಅವರಿಗೆ ಹಿಂಸೆಯಾಗಿತ್ತು. ನಾನು ಹೋಗಿದ್ದಾಗ ಒಮ್ಮೆ ಹಿತ್ತಲಲ್ಲಿ ಕೂತು ಹೇಳಿದರು.

"ಏಕಾದಶಿ ಯಾವತ್ತು ಅಂತ ಅವಳನ್ನ ಕೇಳಿದಾಗೆಲ್ಲ, ನೋಡು ನಿನ್ ಕೂಸಿಗೋಸ್ಕರ ನಾನು ಹಸ್ಕಂಡಿದೀನಿ ಅಂತ ಹಂಗಿಸ್ದಂಗೆ ಆಯ್ತದೆ ಕಣಮ್ಮ. ಅವಳ ಮುಖ ಸಣ್ಣದಾಯ್ತದೆ. ಹರಕೆ ನಂದು. ಅವಳಿಗ್ಯಾಕೆ ಭಾರ?"

"ಚಂದ್ರನ್ನ ನೋಡಿ ಲೆಕ್ಕ ಹಾಕೋಕಾಗಲ್ವಾ ಅತ್ತಿಗೆ?" ಎಂದೆ.

"ಚಂದ್ರನಾ? ಒಂದು ಮೂಲೇಲಿ ಅಕ್ಕಿಹಿಟ್ಟು ಚೆಲ್ಲಿದಂಗೆ ಕಾಣ್ತಾನೆ. ಹುಣ್ಣಿಮೆಗೂ ಅಷ್ಟೇ, ಪಂಚಮಿಗೂ ಅಷ್ಟೇ."

ಮನೆಗೆ ಬಂದು ಇವರಿಗೆ ಇದನ್ನು ಹೇಳಿದೆ. ಮಾರನೆಯ ದಿನದಿಂದ ಮೇಜಿನ ಮೇಲೆ ಹೊಸ ಕೆಲಸ ಶುರುವಾಯಿತು.

ಅಕ್ಕನಿಗೆಂದು ಮಾಡಿದ ಗಡಿಯಾರ ಅದು. ಮಂಜುಗಣ್ಣಿಗೂ ಕಾಣುವಂಥ ದಪ್ಪ ಕೆಂಪು ಅಂಕಿಗಳು. ಸುಮ್ಮನಿದ್ದಾಗ ಗಂಟೆ, ನಿಮಿಷ ತೋರಿಸುತ್ತಿತ್ತು. ಗುಂಡಿ ಒತ್ತಿದರೆ ತಿಥಿಯ ಅಂಕಿ ಬರುತ್ತಿತ್ತು, ಪಾಡ್ಯಕ್ಕೆ ಒಂದು, ಬಿದಿಗೆಗೆ ಎರಡು, ಏಕಾದಶಿಗೆ ಹನ್ನೊಂದು. ಶುಕ್ಲಪಕ್ಷವಾದರೆ ಪಕ್ಕದಲ್ಲಿ ಬಿಳಿ ದೀಪ, ಬಹುಳವಾದರೆ ನೀಲಿ ದೀಪ. ರಾಹುಕಾಲ ಶುರುವಾಗುವಾಗ ಒಂದು ಸಲ, ಮುಗಿಯುವಾಗ ಒಂದು ಸಲ ಅದು ಕೀಂ ಎನ್ನುತ್ತಿತ್ತು. ರಾಹುಕಾಲ ನನ್ನ ಸಲಹೆ. ಇಂಗ್ಲಿಷ್ ತಾರೀಕು ಬೇಡವೆಂದೂ ನಾನೇ ಹೇಳಿದ್ದು. "ತಾರೀಕು, ಇಸವಿ ಎಲ್ಲ ಹಾಕಿ ಅತ್ತಿಗೆ ತಲೆ ಕೆಡಿಸ್ಬ್ಯಾಡಿ. ಅವರಿಗೆ ಬೇಕಿರೋದು ತಿಥಿ" ಎಂದಿದ್ದೆ. ಇವರು ಒಪ್ಪಿ ತಾರೀಕನ್ನು ತೆಗೆದುಹಾಕಿದರು. ಗಡಿಯಾರದ ಒಳಗೆ ಮಾತ್ರ ತಾರೀಕು ಇದ್ದೇ ಇತ್ತು, ಅದರಿಂದಲೇ ತಿಥಿಯ ಲೆಕ್ಕ. ಹೊರಗೆ ಕಾಣುತ್ತಿರಲಿಲ್ಲ ಅಷ್ಟೆ.

ಇವರ ಹತ್ತಿರ ಆಗ ಎರಡು ಜಿಪಿಎಸ್ ಪೆಟ್ಟಿಗೆಗಳಿದ್ದವು. ಒಂದು ಲಾರಿಯಿಂದ ಬಿಚ್ಚಿದ ಹೊಸ ನಮೂನೆಯದು, ಸಾಧಾರಣದ್ದು. ಇನ್ನೊಂದು ಯಾವುದೋ ಮೊಬೈಲ್ ಟವರಿನಿಂದ ಗುಜರಿಗೆ ಬಂದದ್ದು, ಹಳೆಯದು, ಆದರೆ ಟೈಮಿಗೆಂದೇ ಮಾಡಿದ್ದು. ಹಳೆಯದು ಸೆಕೆಂಡನ್ನು ಹೊಸದಕ್ಕಿಂತ ಚೆನ್ನಾಗಿ ಹಿಡಿಯುತ್ತಿತ್ತು. ಇವರಿಗೆ ಅದರ ಮೇಲೆ ಪ್ರಾಣ. ಅದನ್ನೇ ಅಕ್ಕನ ಗಡಿಯಾರಕ್ಕೆ ಹಾಕಿ, ಸಾಧಾರಣದ್ದನ್ನು ತಾವಿಟ್ಟುಕೊಂಡರು.

"ಅಕ್ಕಂಗೆ ಒಳ್ಳೇದೇ ಹೋಗ್ಲಿ" ಎಂದರು.

ಬಸ್ಸಿನಲ್ಲಿ ಗಡಿಯಾರವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕಲ್ಯಾಣದುರ್ಗಕ್ಕೆ ಹೋದೆವು. ಶೀಟಿನ ಮಾಡಿನ ಮೇಲೆ ಆಂಟೆನಾ ಕೂರಿಸಿ, ದೇವರ ಗೂಡಿನ ಪಕ್ಕ ಗಡಿಯಾರ ತೂಗುಹಾಕಿದರು. ಅತ್ತಿಗೆ ಗುಂಡಿ ಒತ್ತಿದರು. ನೀಲಿ ದೀಪ, ಒಂಬತ್ತು.

"ಬಹುಳ ನವಮಿ" ಎಂದು ತಾವೇ ಹೇಳಿ, ಕ್ಯಾಲೆಂಡರ್ ನೋಡಲು ಸೊಸೆಯನ್ನು ಕಳಿಸಿದರು. ಸೊಸೆ ನೋಡಿ ಬಂದು ಹೌದೆಂದಳು. ಅತ್ತಿಗೆ ತಮ್ಮನ ಕೆನ್ನೆ ಹಿಡಿದು, "ಅಯ್ಯೋ ನನ್ನಪ್ಪ, ಆಕಾಶದಿಂದ ತಿಥಿ ಇಳಿಸ್ಬುಟ್ಟಲ್ಲೋ" ಎಂದರು. ಐವತ್ತು ದಾಟಿದ ಇವರು ಹತ್ತು ವರ್ಷದವರಂತೆ ನಿಂತಿದ್ದರು.

ಅಲ್ಲಿಂದ ಒಂದು ವರ್ಷದ ಹತ್ತಿರ ಎಲ್ಲ ಸರಿಯಾಗಿತ್ತು. ಅತ್ತಿಗೆ ಆ ಬೀದಿಯ ಪಂಚಾಂಗವಾಗಿಬಿಟ್ಟರು. ನೀರಿಗೆ ಹೋಗುವ ಹೆಂಗಸರು ಬಾಗಿಲಲ್ಲಿ ನಿಂತು, "ಏಂ ವದಿನಾ, ಈ ರೋಜು ಏ ತಿಥಿ?" ಎಂದು ಆ ಕಡೆಯ ತೆಲುಗಿನಲ್ಲಿ ಇವತ್ತಿನ ತಿಥಿ ಕೇಳುವುದು, ಅತ್ತಿಗೆ ಎದ್ದು ಹೋಗಿ ಗುಂಡಿ ಒತ್ತಿ ಬಂದು ಹೇಳುವುದು. ಯಾರ ಹಂಗೂ ಇಲ್ಲದೆ ಉಪವಾಸ ಸಾಗಿ, ಮೊದಲಿನವೂ ಸೇರಿ ನಲವತ್ತರ ಹತ್ತಿರ ಏಕಾದಶಿಗಳಾದವು.

ಆಮೇಲೊಂದು ಗುರುವಾರ ಬೆಳಿಗ್ಗೆ ನಾನು ದೇವರಿಗೆ ಹೂ ಏರಿಸುತ್ತಿದ್ದಾಗ ಫೋನ್ ಬಂತು. ಅತ್ತಿಗೆಯ ಸೊಸೆ. ಧ್ವನಿ ತಗ್ಗಿಸಿ ಮಾತಾಡುತ್ತಿದ್ದಳು.

"ಅತ್ತೆ, ಇವತ್ತು ಯಾವ ತಿಥಿ?"

"ತದಿಗೆ ಕಣಮ್ಮ. ಯಾಕೆ?"

"ನಮ್ಮತ್ತೆ ಇವತ್ತು ಏಕಾದಶಿ ಅಂತ ಉಪವಾಸ ಕೂತವ್ರೆ."

ನನ್ನ ಕೈಯ ಹೂ ಕೈಯಲ್ಲೇ ಉಳಿಯಿತು. ಏಕಾದಶಿಗೆ ಇನ್ನೂ ಎಂಟು ದಿನವಿತ್ತು.

"ಇದು ಮೂರನೇ ಸತಿ ಅತ್ತೆ" ಎಂದಳು. "ಹೋದ ಎರಡು ಸತೀನೂ ತದಿಗೆ ದಿನವೇ ಉಪವಾಸ ಮಾಡಿದ್ರು. ಮೊದಲ್ನೇ ಸತಿ ನಾನು ಹೇಳ್ದೆ, ಕ್ಯಾಲೆಂಡರಲ್ಲಿ ಮುಂದಿನ ವಾರ ಐತೆ ಅಂತ. ಪಕ್ಕದ ಮನೆಯವ್ರೂ ಹೇಳಿದ್ರು. ಅದಕ್ಕೆ ಅವ್ರು, ನನ್ ತಮ್ಮನ ಗಡಿಯಾರ ಆಕಾಶದಿಂದ ಬತ್ತದೆ, ನಿಮ್ ಕ್ಯಾಲೆಂಡರ್ ಪ್ರಿಂಟಿಂಗ್ ಪ್ರೆಸ್ಸಿಂದ ಬತ್ತದೆ, ಯಾವ್ದು ತಪ್ಪಿರ್ತದೆ ನೀವೇ ಹೇಳಿ ಅಂದ್ಬುಟ್ರು. ಆಮೇಲೆ ನಾನು ಸುಮ್ನಾದೆ."

"ಈಗ ಯಾಕಮ್ಮ ಹೇಳ್ತಿದೀಯ?"

"ನಲ್ಲಿ ಹತ್ರ ಹೆಂಗಸ್ರು ನಗ್ತಾವ್ರೆ ಅತ್ತೆ. ಮೀ ಅತ್ತಗಾರಿ ಏಕಾದಶಿ ಎಪ್ಪುಡಮ್ಮಾ, ನಿಮ್ಮತ್ತೆ ಏಕಾದಶಿ ಯಾವಾಗಮ್ಮಾ ಅಂತ ನನ್ನೇ ಕೇಳಿ ನಗ್ತಾವ್ರೆ. ಅವ್ರು ಹಸ್ಕಂಡಿರ್ತಾರೆ, ಇವ್ರು ನಗ್ತಾರೆ. ನನ್ ಕೈಲಿ ತಡಿಯಾಕ್ಕಾಗ್ಲಿಲ್ಲ."

ಇನ್ನೊಂದು ಮಾತನ್ನೂ ಹೇಳಿದಳು. ನಿಜವಾದ ಏಕಾದಶಿಗಳು ಬಂದಾಗ, ಎರಡು ಸಲವೂ, ಅತ್ತೆಯ ಹರಕೆ ತಪ್ಪಬಾರದೆಂದು ತಾನೇ ಯಾರಿಗೂ ಹೇಳದೆ ಉಪವಾಸ ಮಾಡಿದ್ದಳಂತೆ.

"ಇದು ಮಾತ್ರ ಯಾರಿಗೂ ಹೇಳ್ಬ್ಯಾಡಿ. ನಿಮ್ಮಾಣೆ" ಎಂದು ಫೋನಿಟ್ಟಳು.

ಇವರು ಸ್ನಾನ ಮುಗಿಸಿ ಬಂದರು. ಉಪವಾಸದ ಗುಟ್ಟೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಇವರು ಮೊದಲು ನಂಬಲಿಲ್ಲ. ಸೊಸೆಗೇ ಫೋನ್ ಮಾಡಿ, ಗಡಿಯಾರ ಈಗ ಎಷ್ಟು ತೋರಿಸುತ್ತಿದೆ ಎಂದು ಕೇಳಿದರು. ತಮ್ಮ ಮೇಜಿನ ಗಡಿಯಾರದ ಜೊತೆ ಹೋಲಿಸಿದರು. ನಿಮಿಷಕ್ಕೆ ನಿಮಿಷ ಸರಿ. ನಿನ್ನೆ ರಾಹುಕಾಲ ಎಷ್ಟಕ್ಕೆ ಕೂಗಿತು? ಹನ್ನೆರಡಕ್ಕೆ. ನಿನ್ನೆ ಬುಧವಾರ, ಅದೂ ಸರಿ. ವಾರ ಸರಿ, ಗಂಟೆ ಸರಿ, ತಿಥಿ ಮಾತ್ರ ಎಂಟು ಮುಂದೆ.

ಇವರು ನೋಟ್‌ಬುಕ್ ತೆರೆದು ಏನೋ ಕಳೆದರು, ಕೂಡಿಸಿದರು, ತಮ್ಮ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಹೋಗ್ಬುಟ್ಟೈತೆ ಕಣೆ" ಎಂದರು.

"ಏನು?"

"ಅಕ್ಕನ ಗಡಿಯಾರ."

ನನಗೆ ತಿಳಿಯುವಂತೆ ಬಿಡಿಸಿ ಹೇಳಿದರು. ಉಪಗ್ರಹ ಇಸವಿ ಹೇಳುವುದಿಲ್ಲವಂತೆ, ವಾರ ಎಣಿಸುತ್ತದಂತೆ. ಒಂದನೇ ವಾರ, ಎರಡನೇ ವಾರ ಎಂದು ಎಣಿಸುತ್ತ ಸಾವಿರದ ಇಪ್ಪತ್ತನಾಲ್ಕು ಆದ ಕೂಡಲೇ ಮತ್ತೆ ಸೊನ್ನೆಗೆ ಬರುತ್ತದೆ. ಇದು ಎಷ್ಟನೆಯ ಸುತ್ತು ಎನ್ನುವುದನ್ನು ಕೆಳಗಿನ ಪೆಟ್ಟಿಗೆಯೇ ತಿಳಿದುಕೊಳ್ಳಬೇಕು. ಪೆಟ್ಟಿಗೆ ಮಾಡುವವರು ಅದಕ್ಕೊಂದು ಅಂದಾಜು ಬರೆದಿಟ್ಟಿರುತ್ತಾರೆ. ಪೆಟ್ಟಿಗೆ ಹಳೆಯದಾದರೆ ಆ ಅಂದಾಜಿಗೂ ಆಯಸ್ಸು ತೀರುತ್ತದೆ. ತೀರಿದ ದಿನ ಅದು ಒಂದು ಸುತ್ತು ಹಿಂದಿನ ತಾರೀಕು ಹೇಳತೊಡಗುತ್ತದೆ. ಒಂದೊಂದು ಕಂಪನಿಯ ಪೆಟ್ಟಿಗೆಗೆ ಒಂದೊಂದು ದಿನ.

"ಜಪಮಾಲೆ ಇದ್ದಂಗೆ ಅನ್ನಿ" ಎಂದೆ. "ನೂರೆಂಟು ಮಣಿ ಆದ್ಮೇಲೆ ಮತ್ತೆ ಒಂದರಿಂದ. ಎಷ್ಟು ಸರ ಆಯ್ತು ಅಂತ ಮಣಿ ಹೇಳಲ್ಲ. ಪಕ್ಕದಲ್ಲಿ ಅಕ್ಕಿಕಾಳು ಇಟ್ಕಂಡು ನಾವೇ ಎಣಿಸ್ಬೇಕು."

"ಅಷ್ಟೇ. ಆ ಅಕ್ಕಿಕಾಳು ನಾನು ಇಡ್ಲಿಲ್ಲ."

ಪೂರ್ತಿ ವಾರಗಳ ಲೆಕ್ಕದಲ್ಲಿ ಹಿಂದೆ ಹೋದದ್ದರಿಂದ ಗುರುವಾರ ಗುರುವಾರವೇ ಆಗಿ ಉಳಿದಿತ್ತು, ಆದ್ದರಿಂದ ರಾಹುಕಾಲವೂ ತಪ್ಪಿರಲಿಲ್ಲ. ಚಂದ್ರ ಮಾತ್ರ ವಾರದ ಲೆಕ್ಕಕ್ಕೆ ನಡೆಯುವವನಲ್ಲ. ಹತ್ತೊಂಬತ್ತೂವರೆ ವರ್ಷದ ಹಿಂದಿನ ಆ ಗುರುವಾರ ಏಕಾದಶಿಯಾಗಿತ್ತು. ನಮ್ಮ ಅತ್ತಿಗೆ ಅಂದಿನ ಏಕಾದಶಿಗೆ ಇಂದು ಉಪವಾಸ ಕೂತಿದ್ದರು. ಇಸವಿಯೊಂದು ಗಡಿಯಾರದಲ್ಲಿ ಕಾಣುತ್ತಿದ್ದರೆ ಮೊದಲ ದಿನವೇ ಯಾರಾದರೂ ನಕ್ಕು ಹೇಳಿಬಿಡುತ್ತಿದ್ದರು. ತಾರೀಕು ಬೇಡವೆಂದದ್ದು ನಾನು. ಇವರು ಅದನ್ನು ಎತ್ತಿ ಆಡಲಿಲ್ಲ. ಆದರೆ ನನಗೆ ನೆನಪಿತ್ತು.

"ಗುಂಪಲ್ಲಿ ಒಬ್ರು ಬರೆದಿದ್ರು" ಎಂದರು ಇವರು. "ಹಳೇ ಪೆಟ್ಟಿಗೆಗೆ ಹಿಂಗಾಯ್ತದೆ, ನೋಡ್ಕಳಿ ಅಂತ. ಓದಿದ್ದೆ. ನಾನು ಸೆಕೆಂಡ್ ಒಂದೇ ನೋಡ್ಕಂಡು ಕೂತೆ."

ಅಂಗಡಿ ತೆಗೆಯದೆ ಎಂಟು ಗಂಟೆಯ ಬಸ್ಸು ಹತ್ತಿದೆವು. ಅರ್ಧ ದಾರಿಯವರೆಗೂ ಇವರು ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಸರಿ ಮಾಡೋದೇನು, ಒಂದು ಸಾಲು ಬರೆದ್ರೆ ಆಯ್ತು. ಸಾವಿರದ ಇಪ್ಪತ್ನಾಲ್ಕು ವಾರ ಸೇರಿಸು ಅಂತ. ಹತ್ತು ನಿಮಿಷದ ಕೆಲಸ" ಎಂದರು. ನಾನು ತಲೆಯಾಡಿಸಿದೆ.

"ಸುಮ್ನೆ ಏನೋ ರಿಪೇರಿ ಅಂತ ಮಾಡಿ ಬಂದ್ಬುಡೋಣ. ಅಕ್ಕಂಗೆ ಹೇಳೋದು ಬ್ಯಾಡ. ತಿಳೀದೆ ಆಗಿದ್ದು. ದೇವರು ಅದನ್ನ ಹಿಡಿತಾನಾ?"

ನನಗೂ ಅದೇ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಅಕ್ಕನ ಮುಂದೆ ಇವರ ಮುಖ ಸಣ್ಣದಾಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಆದರೆ ಅತ್ತಿಗೆಯ ಹರಕೆಯ ಲೆಕ್ಕವನ್ನು ಅತ್ತಿಗೆಗೆ ಗೊತ್ತಿಲ್ಲದೆ ನಾವು ಮುಚ್ಚಿಡುವುದು ಹೇಗೆ? ನಾಳೆ ನಲವತ್ತೆಂಟು ಆಯಿತೆಂದು ಅವರು ಸ್ವಾಮಿಯ ಮುಂದೆ ಕಾಯಿ ಒಡೆಯುವಾಗ ಪಕ್ಕದಲ್ಲಿ ನಾನು ಕೈ ಮುಗಿದು ನಿಲ್ಲಬೇಕು.

"ದೇವರು ಹಿಡಿಯಲ್ಲ, ಅತ್ತಿಗೆ ಹಿಡಿತಾರೆ" ಎಂದೆ. "ಬ್ಯಾರೆ ಯಾರ ಬಾಯಿಂದಾದ್ರೂ ಕೇಳಿದ್ರೆ ಏನನ್ಕತಾರೆ? ನೀವೇ ಹೇಳಿ. ನಾನು ಪಕ್ಕದಲ್ಲಿರ್ತೀನಿ."

ಕಲ್ಯಾಣದುರ್ಗದಲ್ಲಿ ಇಳಿದು ಆಟೋ ಹಿಡಿದು ಮನೆ ಸೇರುವಾಗ ಒಂದು ಗಂಟೆ ದಾಟಿತ್ತು. ಅತ್ತಿಗೆ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ಮುಖ ಬಾಡಿತ್ತು. ಆಟೋ ಸದ್ದಿಗೆ ಹಣೆಗೆ ಕೈ ಅಡ್ಡ ಹಿಡಿದು, "ಯಾರು, ಹಿಂದೂಪುರದವ್ರಾ? ಏಕಾದಶಿ ದಿನ ಬಂದ್ರಲ್ಲಪ್ಪ, ನಿಮಗೆ ಅನ್ನ ಮಾಡ್ಸೋದು ಹೆಂಗೆ? ಏ ಅಮ್ಮಯ್ಯ, ಇವರಿಗೆ ಬೇರೆ ಒಲೆ ಹಚ್ಚು" ಎಂದು ಸೊಸೆಯನ್ನು ಕೂಗಿದರು. ಸೊಸೆ ಹೊಲಿಗೆ ಮಿಷನ್ನಿನ ಮುಂದಿನಿಂದ ಎದ್ದು ಬಂದು ನನ್ನನ್ನೇ ನೋಡಿದಳು. ಕೂಸು ಅವಳ ಸೆರಗು ಹಿಡಿದು ನಿಂತಿತ್ತು, ಗುಂಡಗೆ, ಗಟ್ಟಿಯಾಗಿ.

ಕಾಲು ತೊಳೆದು ಒಳಗೆ ಕೂರುವಷ್ಟರಲ್ಲಿ ಗೋಡೆಯ ಗಡಿಯಾರ ಕೀಂ ಎಂದಿತು. ಒಂದೂವರೆ, ಗುರುವಾರದ ರಾಹುಕಾಲ. ನಾನು ಇವರ ತೋಳು ಮುಟ್ಟಿ, ಮೂರರವರೆಗೆ ಕಾಯೋಣವೇ ಎಂದು ಕಣ್ಣಲ್ಲೇ ಕೇಳಿದೆ. ಒಳ್ಳೆಯ ಮಾತನ್ನೇ ನಾನು ಆ ಹೊತ್ತಿನಲ್ಲಿ ಆಡುವುದಿಲ್ಲ, ಇದು ಬೇರೆ ಇಂಥ ಮಾತು. ಇವರು ಅಕ್ಕನ ಒಣಗಿದ ತುಟಿ ನೋಡಿದರು. ಮೂರರವರೆಗೆ ಸುಮ್ಮನೆ ಹಸಿದಿರಬೇಕಲ್ಲ ಅವರು. ಕಾಯಲಿಲ್ಲ.

"ಅಕ್ಕ, ಇವತ್ತು ಏಕಾದಶಿ ಅಲ್ಲ."

"ಏನಂದೆ?"

"ತದಿಗೆ. ಗಡಿಯಾರ ತಪ್ಪೈತೆ. ನಾನು ತಪ್ಪು ಮಾಡಿದೀನಿ. ಹೋದ ಎರಡು ಸತೀನೂ ತಪ್ಪು ದಿನ ಉಪವಾಸ ಮಾಡ್ಸಿದೀನಿ ನಿನ್ನ."

ಅತ್ತಿಗೆ ಎದ್ದರು. ಗೋಡೆ ಹಿಡಿದುಕೊಂಡು ಹೋಗಿ ಗುಂಡಿ ಒತ್ತಿದರು. ಬಿಳಿ ದೀಪ, ಹನ್ನೊಂದು. ಮತ್ತೆ ಒತ್ತಿದರು. ಹನ್ನೊಂದು. ಬಂದು ಕೂತರು.

"ಅಂಗಾರೆ ನಿಜವಾದ ಏಕಾದಶಿ ದಿನ ನಾನು ಅನ್ನ ಉಂಡೆನಾ?"

ಇವರು ಹೌದೆಂದು ತಲೆಯಾಡಿಸಿದರು.

"ಎರಡು ದಿನ?"

"ಹೂಂ, ಅಕ್ಕ."

"ನೀನು ಸೆಕೆಂಡ್ ಹಿಡ್ಕಂಡು ವರ್ಷ ಬಿಟ್ಬುಟ್ಯಾ?" ಇವರು ಹೇಳಿದ್ದನ್ನೆಲ್ಲ ಕೇಳಿಕೊಂಡ ಮೇಲೆ ಅತ್ತಿಗೆ ಕೇಳಿದ್ದು ಇದೊಂದೇ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಇವರಿಗೆ ಹಗುರವಾಗುತ್ತಿತ್ತು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ, "ತಪ್ಪದೆ ಮಾಡ್ತೀನಿ ಅಂತ ಅಂದಿದ್ದೆ. ತಪ್ಪೋಯ್ತು. ಮತ್ತೆ ಒಂದರಿಂದ ಶುರು ಮಾಡ್ಬೇಕು" ಎಂದರು.

ಒಂದರಿಂದ ಎಂದರೆ ಮತ್ತೆ ಎರಡು ವರ್ಷ. ಅತ್ತಿಗೆಗೆ ಈಗಲೇ ಉಪವಾಸದ ಸಂಜೆ ತಲೆ ಸುತ್ತುತ್ತದೆ. ಇವರು ನೆಲ ನೋಡುತ್ತ ಕೂತಿದ್ದರು. ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ, ನನ್ನ ಕಡೆ ನೋಡಿ ತಲೆಯನ್ನು ಸಣ್ಣಗೆ ಅಲ್ಲಾಡಿಸಿದಳು, ಹೇಳಬೇಡಿ ಎಂದು. ನನ್ನ ಬಾಯಿ ಎಂಥದೆಂದು ಅವಳಿಗೆ ಗೊತ್ತು. ಅದಕ್ಕೇ ಆಣೆ ಹಾಕಿದ್ದು. ಅದನ್ನು ಮುರಿದೆ. ಊರಿಗೆ ಬಂದ ಮೇಲೆ ಸ್ವಾಮಿಯ ಹುಂಡಿಗೆ ತಪ್ಪು ಕಾಣಿಕೆ ಹಾಕಿದ್ದೇನೆ.

"ಏಕಾದಶಿ ತಪ್ಪಿಲ್ಲ ಅತ್ತಿಗೆ. ಎರಡು ದಿನವೂ ನಿಮ್ ಸೊಸೆ ಉಪವಾಸ ಮಾಡವಳೆ."

ಅತ್ತಿಗೆ ಸೊಸೆಯತ್ತ ತಿರುಗಿದರು. ಅವರಿಗೆ ಅಷ್ಟು ದೂರಕ್ಕೆ ಅವಳ ಮುಖ ಕಾಣುತ್ತಿತ್ತೋ ಇಲ್ಲವೋ.

"ಯಾವತ್ತೇ?"

ಸೊಸೆ ಕೂಸನ್ನು ಎತ್ತಿಕೊಂಡಳು.

"ಹೊಟ್ಟೆನೋವು ಅಂತ ಊಟ ಬಿಟ್ಟು ಮಲಗಿದ್ಯಲ್ಲ, ಅವತ್ತಾ?"

"ಹೂಂ ಅತ್ತೆ."

"ಎರಡು ಸತಿ ಹೊಟ್ಟೆನೋವು ಅಂದೆ. ನಾನು ಓಮದ ಕಷಾಯ ಕಾಸಿ ಕೊಟ್ಟೆ. ಎರಡು ಸತೀನೂ ಕುಡಿದ್ಯಲ್ಲೇ!"

"ನೀವು ಎದುರಿಗೇ ಕೂತಿದ್ರಿ. ಏನ್ ಮಾಡ್ಲಿ?"

"ಖಾರ ಇರ್ಲಿಲ್ವಾ?"

"ಇತ್ತು. ಎರಡನೇ ಸತಿ ಮೆಣಸು ಜಾಸ್ತಿ ಹಾಕಿದ್ರಿ."

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡೆ. ಇವರು ತಲೆಯೆತ್ತಿದರು. ಅತ್ತಿಗೆ ಮಾತ್ರ ನಗಲಿಲ್ಲ. ಕೈ ಚಾಚಿ ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಮಂಡಿಯ ಮೇಲೆ ಕೈಯಿಟ್ಟರು.

"ಮತ್ತೆ ಹೇಳಿದ್ರೂ ನಾನು ನಂಬ್ತಿರ್ಲಿಲ್ಲ, ಅಲ್ವಾ?"

"ಊಹೂಂ."

"ಎಲ್ಲಾರ ಮುಂದೆ ನಿನ್ ಬಾಯಿ ಮುಚ್ಚಿಸ್ಬುಟ್ಟಿದ್ದೆ."

ಸೊಸೆ ಕೂಸಿನ ಕೂದಲು ಸರಿಮಾಡಿದಳು. ಅತ್ತಿಗೆ ಬಹಳ ಹೊತ್ತು ಯೋಚಿಸಿದರು. ಅವರು ಏನು ಹೇಳಿದರೆ ಅದೇ ಆಗುವುದೆಂದು ನಮಗೆಲ್ಲ ಗೊತ್ತಿತ್ತು. ಪುರೋಹಿತರನ್ನು ಕೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು.

"ಹೆತ್ತೋಳು ಇವಳು. ನಾನು ಹಸ್ಕಂಡ್ರೆ ಸ್ವಾಮಿ ಒಪ್ತಾನೆ, ಇವಳು ಹಸ್ಕಂಡ್ರೆ ಒಪ್ಪಲ್ವಾ? ಈ ಮನೇಲಿ ಏಕಾದಶಿ ನಡೆದೈತೆ. ಎರಡೂ ಲೆಕ್ಕಕ್ಕೆ ಬಂದ್ವು. ಮಿಕ್ಕಿದ್ದು ಇಬ್ರೂ ಮಾಡ್ತೀವಿ." ಇವರ ಕಡೆ ತಿರುಗಿ, "ನೀನ್ಯಾಕ್ಲಾ ಹಂಗೆ ಕೂತಿದೀಯ, ಬೋರು ಬತ್ತೋದೋನಂಗೆ? ಎದ್ದು ಅದನ್ನ ಸರಿ ಮಾಡು" ಎಂದರು.

"ಬ್ಯಾಡ ಅಕ್ಕ. ಬಿಚ್ಕೊಂಡ್ ಹೋಯ್ತೀನಿ" ಎಂದರು ಇವರು.

"ಯಾಕೆ? ಟೈಮ್ ಸರಿಯಾಗೈತೆ, ರಾಹುಕಾಲ ಸರಿಯಾಗೈತೆ. ಒಂದು ತಪ್ಪು ಮಾಡ್ತು ಅಂತ ಮನೆಯಿಂದ ಆಚೆಗೆ ಹಾಕ್ತಾರಾ? ಸರಿ ಮಾಡು. ಇಸವೀನೂ ಹಾಕು. ನಾನು ಹಳೇ ಕಾಲದೋಳು ಅಂತ ನಂಗೆ ಹಳೇ ವರ್ಷ ತೋರಿಸ್ತದಾ ಅದು?"

ಇವರು ಲ್ಯಾಪ್‌ಟಾಪ್ ತೆರೆದರು. ಹತ್ತು ನಿಮಿಷವೇನೂ ಅಲ್ಲ, ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಗುಂಡಿ ಒತ್ತಿದಾಗ ಬಿಳಿ ದೀಪದ ಪಕ್ಕ ಮೂರು ಬಂತು, ಇನ್ನೊಂದು ಸಲ ಒತ್ತಿದರೆ ಈ ವರ್ಷದ ಇಸವಿ. ಸೊಸೆ ತಾನಾಗಿಯೇ ಕ್ಯಾಲೆಂಡರ್ ಇಳಿಸಿ ತಂದು, "ತದಿಗೆ, ಸರಿ" ಎಂದು ಗಟ್ಟಿಯಾಗಿ ಓದಿದಳು.

ಅಷ್ಟರಲ್ಲಿ ನಾನು ಅಡುಗೆಮನೆಗೆ ಹೋಗಿದ್ದೆ. ಮುದ್ದೆ, ಅನ್ನ, ಬೇಳೆಸಾರು. ಅತ್ತಿಗೆ ಮೊದಲು ತಮ್ಮನಿಗೆ ಬಡಿಸಲು ಹೇಳಿ, ಆಮೇಲೆ ಸೊಸೆಯನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಉಂಡರು. ಬೆಳಿಗ್ಗೆಯಿಂದ ಹಸಿದಿದ್ದವರು ಎರಡು ಸಲ ಅನ್ನ ಹಾಕಿಸಿಕೊಂಡರು. ಅದನ್ನು ನೋಡಿದಾಗ ನನ್ನ ಹೊಟ್ಟೆ ತಣ್ಣಗಾಯಿತು.

"ನಲ್ಲಿ ಹತ್ರ ಹೆಂಗಸ್ರು ನಗ್ತಾವ್ರಾ?" ಎಂದು ಕೈ ತೊಳೆಯುವಾಗ ಸೊಸೆಯನ್ನು ಕೇಳಿದರು. ಅವಳು ತಡವರಿಸಿದಳು. "ಗೊತ್ತಿತ್ತು ಕಣೆ. ಕಣ್ಣು ಮಂಜಾದ್ರೆ ಕಿವೀನೂ ಹೋಗಿರ್ತದಾ? ಸಾಯಂಕಾಲ ನಾನೇ ಹೋಗಿ ಹೇಳ್ತೀನಿ, ನನ್ ಗಡಿಯಾರ ನನ್ನ ಇಪ್ಪತ್ತು ವರ್ಷ ಚಿಕ್ಕೋಳ್ನ ಮಾಡಿತ್ತು ಅಂತ. ಅವರಿಗೂ ಒಂದು ಬೇಕಾಯ್ತದೆ."

ಎಂಟು ದಿನ ಕಳೆದು ಏಕಾದಶಿ ಬಂತು. ನಾನೂ ಇಲ್ಲಿ ಉಪವಾಸವಿದ್ದೆ. ಉಪವಾಸ ಬಿಡುವ ದ್ವಾದಶಿ ಬೆಳಿಗ್ಗೆ, ಅಂಗಡಿಗೆ ಹೊರಟಿದ್ದ ಇವರು ಮೆಟ್ಟಿಲ ಮೇಲೆ ನಿಂತು, ಫೋನ್ ಮಾಡು ಎಂದು ಸನ್ನೆ ಮಾಡಿದರು. ಮಾಡಿದೆ.

"ಪಾರಣೆ ಆಯ್ತಾ ಅತ್ತಿಗೆ?"

"ಇನ್ನೂ ಇಲ್ಲ ಕಣಮ್ಮ. ಇವಳು ಸ್ನಾನಕ್ಕೆ ಹೋಗವಳೆ. ಬರ್ಲಿ, ಒಟ್ಟಿಗೆ ಕೂತ್ಕತೀವಿ."